ಊಟಿಯ ಪುಟ್ಟ ಹುಡುಗಿ, ಎರಡು ಆಸ್ಕರ್, ತಲೆಗೆ ಹರಿದ ಕರೆಂಟು: ವಿವಿಯನ್ ಲೀ ಬದುಕಿದ ಬಗೆ

ಊಟಿಗೆ ಸಿನಿಮಾ ಮಂದಿ ಹೊಸಬರಲ್ಲ. ಕನ್ನಡ, ತಮಿಳು, ಹಿಂದಿ ಅಂತ ಯಾವ ಭಾಷೆಯ ಹೀರೋ-ಹೀರೋಯಿನ್ ನೀಲಗಿರಿಯ ಗುಡ್ಡಗಳಲ್ಲಿ ಹಾಡಿ ಕುಣಿದಿಲ್ಲ ಹೇಳಿ? ಆದರೆ ಇವರೆಲ್ಲ ಬರುವುದಕ್ಕೆ ಎಷ್ಟೋ ವರ್ಷ ಮೊದಲು, ಮೊದಲ ಮಹಾಯುದ್ಧದ ಕಾಲದಲ್ಲಿ, ಇದೇ ಊಟಿಯಲ್ಲಿ ಒಬ್ಬ ಪುಟ್ಟ ಹುಡುಗಿ ಇದ್ದಳು. ಅಪ್ಪ ಅರ್ನೆಸ್ಟ್ ಹಾರ್ಟ್ಲಿ, ಮೊದಲು ಕಲ್ಕತ್ತಾದಲ್ಲಿ ದಲ್ಲಾಳಿ ವ್ಯವಹಾರದಲ್ಲಿದ್ದವರು. 1917ರಲ್ಲಿ ಕುದುರೆ ಪಡೆಯ ಅಧಿಕಾರಿಯಾಗಿ ಬೆಂಗಳೂರಿಗೆ ಬಂದರು. ಅಮ್ಮ ಗರ್ಟ್ರೂಡ್ ಮತ್ತು ಮಗಳು ಊಟಿಯ ತಂಪಿನಲ್ಲಿ ಉಳಿದರು. ಅಮ್ಮನಿಗೆ ನಾಟಕದ ಗೀಳು. ಅವರ ಹವ್ಯಾಸಿ ತಂಡಕ್ಕಾಗಿ ಮೂರು ವರ್ಷದ ಮಗಳು ರಂಗ ಏರಿ, ಕುರಿ ಕಳೆದುಕೊಂಡ ಹುಡುಗಿಯ ಇಂಗ್ಲಿಷ್ ಶಿಶುಗೀತೆಯೊಂದನ್ನು ಒಪ್ಪಿಸಿದಳು. ಅದೇ ಅವಳ ಮೊದಲ ಪ್ರವೇಶ.

ಅವಳ ಹೆಸರು ವಿವಿಯನ್ ಮೇರಿ ಹಾರ್ಟ್ಲಿ. ಹುಟ್ಟಿದ್ದು 1913ರ ನವೆಂಬರ್ 5ರಂದು, ಡಾರ್ಜಿಲಿಂಗ್‌ನಲ್ಲಿ. ಜಗತ್ತಿಗೆ ಗೊತ್ತಿರುವ ಹೆಸರು ವಿವಿಯನ್ ಲೀ. 'ಗಾನ್ ವಿತ್ ದಿ ವಿಂಡ್' ಸಿನಿಮಾದ ಸ್ಕಾರ್ಲೆಟ್ ಓಹಾರಾ ಅಂದರೆ ನಮ್ಮ ಹಿರಿಯರಲ್ಲಿ ಇಂಗ್ಲಿಷ್ ಸಿನಿಮಾದ ಹುಚ್ಚು ಇದ್ದವರಿಗೆ ತಕ್ಷಣ ಆ ಹಸಿರು ಕಣ್ಣು ನೆನಪಾಗುತ್ತದೆ.

ಆಕೆಯ ಚೆಲುವಿನ ಬಗ್ಗೆ ಬರೆದವರು ಬೇಕಾದಷ್ಟು ಮಂದಿ. ಇಲ್ಲಿ ಹೇಳಹೊರಟಿರುವುದು ಬೇರೆ ಸಂಗತಿ. ಮನಸ್ಸಿನ ಕಾಯಿಲೆಗೆ ಆಕೆಗೆ ಮತ್ತೆ ಮತ್ತೆ ಕರೆಂಟ್ ಶಾಕ್ ಕೊಟ್ಟರು. ಆ ಶಾಕ್ ಕೊಟ್ಟದ್ದೇನು, ಕಿತ್ತುಕೊಂಡದ್ದೇನು, ಅದರ ಜೊತೆಗೆ ಆಕೆ ಹೇಗೆ ಕೆಲಸ ಮಾಡಿದರು ಎಂಬುದು.

ಆರು ವರ್ಷಕ್ಕೇ ಹಾಸ್ಟೆಲ್

1920ರಲ್ಲಿ, ಆರು ವರ್ಷದ ಮಗುವನ್ನು ಲಂಡನ್ ಸಮೀಪದ ರೋಹ್ಯಾಂಪ್ಟನ್ ಕಾನ್ವೆಂಟಿಗೆ ಸೇರಿಸಿದರು. ಭಾರತದ ಬಿಸಿಲು, ಆಯಾ, ಅಮ್ಮನ ನಾಟಕ ಎಲ್ಲ ಒಮ್ಮೆಗೇ ತಪ್ಪಿಹೋಯಿತು. ಆಗಿನ ಕಾಲದ ಇಂಗ್ಲಿಷ್ ಅಧಿಕಾರಿಗಳ ಮಕ್ಕಳಿಗೆಲ್ಲ ಇದೇ ಪಾಡು, ಇರಲಿ. ಯುರೋಪಿನ ಬೇರೆ ಬೇರೆ ಶಾಲೆಗಳಲ್ಲಿ ಓದಿ, 1931ರಲ್ಲಿ ಇಂಗ್ಲೆಂಡಿಗೆ ಮರಳಿ, ರಾಯಲ್ ಅಕಾಡೆಮಿಯಲ್ಲಿ ನಾಟಕ ಕಲಿಯಲು ಸೇರಿದರು. 1932ರಲ್ಲಿ ತಮಗಿಂತ ಹದಿಮೂರು ವರ್ಷ ದೊಡ್ಡವರಾದ ವಕೀಲ ಲೀ ಹಾಲ್ಮನ್ ಜೊತೆ ಮದುವೆ. ಮರುವರ್ಷ ಮಗಳು ಸುಝಾನ್. ಗಂಡನ ಹೆಸರಿನ 'ಲೀ' ಯನ್ನೇ ರಂಗನಾಮ ಮಾಡಿಕೊಂಡರು. 1935ರಲ್ಲಿ ಒಂದು ನಾಟಕ ಗೆದ್ದಿತು, ಲಂಡನ್ನಿನ ಪತ್ರಿಕೆಗಳೆಲ್ಲ ತಿರುಗಿ ನೋಡಿದವು.

ಆಮೇಲೆ ಬಂದವರು ಲಾರೆನ್ಸ್ ಒಲಿವಿಯರ್. ಅವರಿಗೂ ಮದುವೆಯಾಗಿತ್ತು, ಇವರಿಗೂ ಆಗಿತ್ತು. 1937ರಲ್ಲಿ ಇಬ್ಬರೂ ಒಂದೇ ಸಿನಿಮಾದಲ್ಲಿ ನಟಿಸಿದರು. ಅದೇ ವರ್ಷ ಡೆನ್ಮಾರ್ಕಿನ ಎಲ್ಸಿನೋರ್ ಕೋಟೆಯಲ್ಲಿ ಹ್ಯಾಮ್ಲೆಟ್ ಆಡುವಾಗ ಒಂದು ಘಟನೆ ನಡೆಯಿತು. ರಂಗಕ್ಕೆ ಬರುವ ಮೊದಲು ವಿವಿಯನ್ ಕಾರಣವಿಲ್ಲದೆ ಒಲಿವಿಯರ್ ಮೇಲೆ ಕಿರುಚಾಡಿದರು. ಆಮೇಲೆ ಇದ್ದಕ್ಕಿದ್ದಂತೆ ಮೌನ, ಶೂನ್ಯದತ್ತ ನೋಟ. ನಾಟಕವನ್ನು ಚೆನ್ನಾಗಿಯೇ ಆಡಿದರು. ಮಾರನೇ ದಿನ ನಡೆದದ್ದೇನೂ ನೆನಪಿರಲಿಲ್ಲ. ಇದನ್ನು ಯಾಕೆ ಹೇಳುತ್ತಿದ್ದೇನೆಂದರೆ, ಕಾಯಿಲೆ ಶಾಕಿನಿಂದ ಬಂದದ್ದಲ್ಲ. ಮೊದಲೇ ಇತ್ತು. ನಂತರದ ಎಲ್ಲವನ್ನೂ ಚಿಕಿತ್ಸೆಯ ತಲೆಗೆ ಕಟ್ಟಿದರೆ ಅನ್ಯಾಯವಾಗುತ್ತದೆ.

1939ರಲ್ಲಿ 'ಗಾನ್ ವಿತ್ ದಿ ವಿಂಡ್' ಬಂತು, 1940ರ ಆರಂಭದಲ್ಲಿ ಆಸ್ಕರ್ ಬಂತು. ಆಗಸ್ಟ್ 31, 1940ರಂದು ಒಲಿವಿಯರ್ ಜೊತೆ ಮದುವೆ. ಮಗಳು ಮೊದಲ ಗಂಡನ ಬಳಿ ಉಳಿದಳು. ಹಾಲ್ಮನ್ ಕೊನೆಯವರೆಗೂ ವಿವಿಯನ್‌ಗೆ ಒಳ್ಳೆಯ ಗೆಳೆಯರಾಗಿಯೇ ಇದ್ದರು ಎಂಬುದು ಹೇಳಬೇಕಾದ ಮಾತು.

ಮೆಲ್ಬರ್ನಿನ ಆ ವರ್ಷ

1943ರಲ್ಲಿ ಉತ್ತರ ಆಫ್ರಿಕಾದಲ್ಲಿ ಸೈನಿಕರಿಗೆ ಮನರಂಜನೆ ಕೊಡಲು ಹೋದವರು ಕೆಮ್ಮು, ಜ್ವರ ಹೊತ್ತು ಬಂದರು. 1944ರಲ್ಲಿ ಗೊತ್ತಾಯಿತು, ಎಡ ಶ್ವಾಸಕೋಶದಲ್ಲಿ ಕ್ಷಯ. ಅದೇ ವರ್ಷ ಸಿನಿಮಾ ಚಿತ್ರೀಕರಣದ ನಡುವೆ ಗರ್ಭಪಾತವೂ ಆಯಿತು. ಅಲ್ಲಿಂದ ಮನಸ್ಸಿನ ಏರಿಳಿತ ಜೋರಾಯಿತು. ಕೆಲವು ದಿನ ನಿದ್ದೆಯಿಲ್ಲ, ಮಾತು ನಿಲ್ಲುವುದಿಲ್ಲ, ಸಿಟ್ಟು, ಹೊಡೆದಾಟ. ಆಮೇಲೆ ಕುಸಿದು ಅಳು. ಅದೂ ಇಳಿದ ಮೇಲೆ ಆಗಿದ್ದು ಅರ್ಧ ನೆನಪಿಲ್ಲ, ನೆನಪಿದ್ದಷ್ಟಕ್ಕೆ ನಾಚಿಕೆ. ನೊಂದವರಿಗೆಲ್ಲ ಕ್ಷಮೆ ಕೇಳಿ ಚೀಟಿ ಬರೆಯುತ್ತಿದ್ದರು. ಆಗ ಇದಕ್ಕೆ ಮ್ಯಾನಿಕ್ ಡಿಪ್ರೆಷನ್ ಅನ್ನುತ್ತಿದ್ದರು, ಈಗಿನ ಹೆಸರು ಬೈಪೋಲಾರ್.

1948ರಲ್ಲಿ ಒಲಿವಿಯರ್ ದಂಪತಿ ಓಲ್ಡ್ ವಿಕ್ ತಂಡದೊಡನೆ ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಪ್ರವಾಸ ಹೋದರು. ಮೆಲ್ಬರ್ನಿನಲ್ಲೂ ನಾಟಕ ಆಡಿದರು. ಅದೇ 1948ರಲ್ಲಿ, ಅದೇ ಮೆಲ್ಬರ್ನ್ ನಗರದ ಹೊರವಲಯದ ಆಸ್ಪತ್ರೆಯೊಂದರಲ್ಲಿ ಜಾನ್ ಕೇಡ್ ಎಂಬ ವೈದ್ಯರು ಲಿಥಿಯಂ ಎಂಬ ಲವಣವನ್ನು ಇದೇ ಕಾಯಿಲೆಯವರಿಗೆ ಕೊಟ್ಟು ನೋಡುತ್ತಿದ್ದರು. 1949ರಲ್ಲಿ ಫಲಿತಾಂಶ ಪ್ರಕಟಿಸಿದರು. ಇವತ್ತಿಗೂ ಬೈಪೋಲಾರ್‌ಗೆ ಮುಖ್ಯ ಔಷಧಗಳಲ್ಲಿ ಅದೊಂದು. ರಕ್ತ ಪರೀಕ್ಷೆ ಮಾಡಿಸುತ್ತ, ಕಿಡ್ನಿ, ಥೈರಾಯ್ಡ್ ನೋಡಿಕೊಳ್ಳುತ್ತ ನುಂಗಬೇಕಾದ ಮಾತ್ರೆ. ಆದರೆ ಅದು ಸಾಮಾನ್ಯ ಬಳಕೆಗೆ ಬರಲು ಇನ್ನೂ ಇಪ್ಪತ್ತು ವರ್ಷ ಹಿಡಿಯಿತು. ಒಂದೇ ಊರಿನಲ್ಲಿ ರೋಗಿಯೂ ಇದ್ದರು, ಮದ್ದೂ ಇತ್ತು. ಒಬ್ಬರಿಗೊಬ್ಬರು ಸಿಗಲಿಲ್ಲ.

ಮರಳಿ ಬಂದ ಮೇಲೆ 1949ರಲ್ಲಿ 'ಎ ಸ್ಟ್ರೀಟ್‌ಕಾರ್ ನೇಮ್ಡ್ ಡಿಸೈರ್' ನಾಟಕ. ಬುದ್ಧಿ ಕಳೆದುಕೊಂಡು ಕೊನೆಗೆ ಆಸ್ಪತ್ರೆಯವರ ಕೈಗೆ ಸಿಗುವ ಹೆಣ್ಣು ಬ್ಲಾಂಶ್‌ಳ ಪಾತ್ರ. ಲಂಡನ್ನಿನಲ್ಲಿ 326 ಪ್ರದರ್ಶನ. ಆಮೇಲೆ ಸಿನಿಮಾ, ಎರಡನೇ ಆಸ್ಕರ್. ಆ ಪಾತ್ರ ತಮ್ಮನ್ನು ಅಂಚಿನಿಂದ ಆಚೆ ತಳ್ಳಿತು ಎಂದು ಆಕೆಗೇ ಅನಿಸಿತ್ತು.

ಸಿಲೋನಿನ ಟೀ ತೋಟದಿಂದ ಆಸ್ಪತ್ರೆಗೆ

1953ರ ಜನವರಿಯಲ್ಲಿ 'ಎಲಿಫೆಂಟ್ ವಾಕ್' ಸಿನಿಮಾಕ್ಕೆ ಸಿಲೋನಿಗೆ ಹೋದರು. ಟೀ ಎಸ್ಟೇಟಿನ ಕಥೆ, ಆನೆಗಳ ದಾರಿಗೆ ಅಡ್ಡ ಕಟ್ಟಿದ ಬಂಗಲೆ. ನಮ್ಮ ಗೂಡಲೂರು, ವಯನಾಡು ಕಡೆಯವರಿಗೆ ವಿವರಿಸುವುದೇ ಬೇಡ. ಆದರೆ ವಿವಿಯನ್ ಅಲ್ಲಿ ಪೂರ್ತಿ ಕುಸಿದರು. ನಿದ್ದೆ ಇಲ್ಲ, ಮಾತು ನೆನಪಿಲ್ಲ, ಇಲ್ಲದ್ದು ಕಾಣುತ್ತಿತ್ತು. ಹಾಲಿವುಡ್‌ಗೆ ಕರೆದೊಯ್ದರೂ ಆಗಲಿಲ್ಲ. ಆಕೆಯ ಜಾಗಕ್ಕೆ ಎಲಿಜಬೆತ್ ಟೇಲರ್ ಬಂದರು. ದೂರದಿಂದ ತೆಗೆದ ಕೆಲವು ದೃಶ್ಯಗಳಲ್ಲಿ ಇವತ್ತೂ ಆ ಸಿನಿಮಾದಲ್ಲಿ ಕಾಣುವುದು ವಿವಿಯನ್ನೇ.

ಒಲಿವಿಯರ್ ಹೋಗಿ, ನಿದ್ದೆಯ ಇಂಜೆಕ್ಷನ್ ಹಾಕಿಸಿ, ವಿಮಾನದಲ್ಲಿ ಇಂಗ್ಲೆಂಡಿಗೆ ತಂದರು. ಸರ್ರೆಯ ನೆದರ್ನ್ ಆಸ್ಪತ್ರೆಗೆ ಸೇರಿಸಿದರು. ಪತ್ರಿಕೆಗಳಲ್ಲಿ ನರಗಳ ಬಳಲಿಕೆ ಎಂದು ಬಂತು. ಒಳಗೆ ನಡೆದದ್ದು ದಿನಗಟ್ಟಲೆ ನಿದ್ದೆಯ ಔಷಧ ಮತ್ತು ಶಾಕ್ ಚಿಕಿತ್ಸೆ.

ಈ ಶಾಕ್ ಅಂದರೇನು ಅಂತ ಒಂದಿಷ್ಟು. 1938ರಲ್ಲಿ ರೋಮ್ ನಗರದಲ್ಲಿ ಚೆರ್ಲೆಟ್ಟಿ ಮತ್ತು ಬಿನಿ ಎಂಬ ವೈದ್ಯರು ಶುರು ಮಾಡಿದ್ದು. ಕಸಾಯಿಖಾನೆಯಲ್ಲಿ ಹಂದಿಗಳಿಗೆ ಕರೆಂಟ್ ಕೊಟ್ಟು ಪ್ರಜ್ಞೆ ತಪ್ಪಿಸುವುದನ್ನು ಚೆರ್ಲೆಟ್ಟಿ ನೋಡಿದ್ದರು. ಎರಡೂ ಕಣತಲೆಗೆ ಲೋಹದ ಪಟ್ಟಿ ಇಟ್ಟು ಕ್ಷಣಕಾಲ ಕರೆಂಟ್ ಹರಿಸಿದರೆ ರೋಗಿಗೆ ಫಿಟ್ಸ್ ಬರುತ್ತದೆ. ಆ ಫಿಟ್ಸೇ ಚಿಕಿತ್ಸೆ. ಅದು ಹೇಗೆ ಕೆಲಸ ಮಾಡುತ್ತದೆ ಎಂಬುದು ಇಂದಿಗೂ ಪೂರ್ತಿ ಬಿಡಿಸಿಲ್ಲ. ಮೊದಮೊದಲು ಅರಿವಳಿಕೆ ಇಲ್ಲದೆ ಕೊಡುತ್ತಿದ್ದರು. ಮೈ ಸೆಟೆದು ಬೆನ್ನುಮೂಳೆ ಮುರಿದವರಿದ್ದಾರೆ. 1950ರ ದಶಕದಲ್ಲಿ ಸ್ನಾಯು ಸಡಿಲಿಸುವ ಇಂಜೆಕ್ಷನ್ ಬಂದ ಮೇಲೆ ಮೂಳೆ ಉಳಿಯಿತು. ಮರೆವು, ತಲೆನೋವು, ಗಲಿಬಿಲಿ ಉಳಿದೇ ಇದ್ದವು. ಆಗಿನ ಯಂತ್ರಗಳು ಈಗಿನವಕ್ಕಿಂತ ಬಹಳ ಹೆಚ್ಚು ಕರೆಂಟ್ ಹರಿಸುತ್ತಿದ್ದವು.

ಈಗಿನ ಮಾತು ಬೇರೆ. ನಮ್ಮ ದೇಶದಲ್ಲಿ 2017ರ ಮಾನಸಿಕ ಆರೋಗ್ಯ ಕಾಯ್ದೆ ಪ್ರಕಾರ ಅರಿವಳಿಕೆ ಮತ್ತು ಸ್ನಾಯು ಸಡಿಲಿಕೆ ಇಲ್ಲದೆ ಶಾಕ್ ಕೊಡುವಂತಿಲ್ಲ. ಹದಿನೆಂಟರ ಒಳಗಿನವರಿಗೆ ಪೋಷಕರ ಒಪ್ಪಿಗೆಯ ಜೊತೆಗೆ ಮಂಡಳಿಯ ಅನುಮತಿಯೂ ಬೇಕು. ಊಟ-ನೀರು ಬಿಟ್ಟು ಕಲ್ಲಿನಂತೆ ಕೂತವರನ್ನು, ಸಾಯಲು ಹೊರಟವರನ್ನು ಇದೇ ಚಿಕಿತ್ಸೆ ಬದುಕಿಸಿದ್ದುಂಟು. ನೆನಪಿನ ತೊಂದರೆ ಹೆಚ್ಚಿನವರಿಗೆ ವಾರಗಳಲ್ಲಿ, ತಿಂಗಳುಗಳಲ್ಲಿ ಸರಿಹೋಗುತ್ತದೆ ಎನ್ನುತ್ತಾರೆ ವೈದ್ಯರು. ಕೆಲವರಿಗೆ ಹಳೆಯ ಬದುಕಿನ ಒಂದು ತುಂಡು ಮರಳಿ ಬರುವುದೇ ಇಲ್ಲ.

ನನ್ನ ಬಂಧುವೊಬ್ಬರಿಗೆ ಬಹಳ ಹಿಂದೆ ಒಂದು ಕಡೆ ಕರೆಂಟ್ ಕೊಡಿಸಿದ್ದರು. ಮನೆಗೆ ಬಂದವರು ಊಟ ಮಾಡತೊಡಗಿದರು, ಗದ್ದೆಗೂ ಹೋದರು. ಆದರೆ ತಂಗಿಯ ಮದುವೆಗೆ ತಾವೇ ನಿಂತು ಚಪ್ಪರ ಹಾಕಿಸಿದ್ದು ನೆನಪಿರಲಿಲ್ಲ. ಫೋಟೋ ತೋರಿಸಿದರೆ ಬೇರೆ ಯಾರದೋ ಮದುವೆ ನೋಡುವಂತೆ ನೋಡುತ್ತಿದ್ದರು. ಮನೆಯವರು ನಾಟಕ ಅಂದರು. ಕಾಯಿಲೆ ಅಂದರೆ ಒಪ್ಪುವ ನಾವು, ಚಿಕಿತ್ಸೆಯಿಂದಲೂ ಏನಾದರೂ ಕಳೆದಿರಬಹುದು ಅಂದರೆ ಒಪ್ಪುವುದಿಲ್ಲ. ವಿವಿಯನ್ ಕಥೆ ಓದುವಾಗ ನನಗೆ ಆ ಮುಖವೇ ಕಣ್ಣಮುಂದೆ ಬಂದಿತ್ತು.

ಅದೇ ಮುಖ, ಬೇರೆ ಮನುಷ್ಯ

ನೆದರ್ನ್‌ನಿಂದ ಬಂದ ವಿವಿಯನ್ ಮನೆಯಲ್ಲಿ ಕೂರಲಿಲ್ಲ. 1953ರ ನವೆಂಬರ್ 5ರಂದು, ತಮ್ಮ ನಲವತ್ತನೇ ಹುಟ್ಟುಹಬ್ಬದ ದಿನ, ಲಂಡನ್ನಿನ ಫೀನಿಕ್ಸ್ ಥಿಯೇಟರಿನಲ್ಲಿ ಒಲಿವಿಯರ್ ಜೊತೆ ಹೊಸ ನಾಟಕ ಶುರು ಮಾಡಿದರು. ಆಸ್ಪತ್ರೆ ಸೇರಿ ಎಂಟು ತಿಂಗಳೂ ಆಗಿರಲಿಲ್ಲ. ಪ್ರೇಕ್ಷಕರಿಗೆ ಏನೂ ವ್ಯತ್ಯಾಸ ಕಾಣಲಿಲ್ಲ.

ಕಂಡದ್ದು ಗಂಡನಿಗೆ. ಒಲಿವಿಯರ್ ಬಹಳ ವರ್ಷಗಳ ನಂತರ, 1982ರಲ್ಲಿ ಬಂದ ಆತ್ಮಕಥೆಯಲ್ಲಿ ಈ ಸಂಗತಿ ಬರೆದರು. ಚಿಕಿತ್ಸೆ ಆದ ಮೇಲೆ ಮನೆಗೆ ಬಂದವಳು ತಾನು ಪ್ರೀತಿಸಿದ ಆ ಹುಡುಗಿ ಅಲ್ಲ ಎಂದು ಅವರಿಗೆ ಅನಿಸಿತ್ತು. ಒಳಗೆ ಏನೋ ಸೂಕ್ಷ್ಮವಾಗಿ ಬದಲಾಗಿತ್ತು, ಅವಳು ಅಪರಿಚಿತಳಾಗಿದ್ದಳು.

ಈ ಮಾತನ್ನು ಹೇಗೆ ತೆಗೆದುಕೊಳ್ಳಬೇಕು? ದೂರ ಸರಿಯುತ್ತಿದ್ದ ಗಂಡ ಆಮೇಲೆ ಹುಡುಕಿಕೊಂಡ ಕಾರಣ ಅನ್ನುವವರಿದ್ದಾರೆ. ಇರಬಹುದು. ಆದರೆ ಶಾಕ್ ಪಡೆದವರ ಮನೆಗಳಲ್ಲಿ ಎಲ್ಲ ದೇಶಗಳಲ್ಲೂ ಕೇಳಿಬಂದ ಮಾತು ಇದೇ. ಅದೇ ಮುಖ, ಅದೇ ದನಿ, ಆದರೆ ಹೇಳಲಾಗದ ಏನೋ ಒಂದು ಇಲ್ಲ. ಒಲಿವಿಯರ್ ತಮಗಾದ ನಷ್ಟವನ್ನು ಬರೆದರು. ಒಳಗೆ ಇದ್ದವರಿಗೆ ಅದು ಹೇಗಿತ್ತು ಎಂದು ಬರೆಯಲು ವಿವಿಯನ್ ಉಳಿದಿರಲಿಲ್ಲ. ನನಗೆ ಈ ಕಥೆಯಲ್ಲಿ ಹೆಚ್ಚು ಚುಚ್ಚುವುದು ಇದೇ.

ಹೊರಗೆ ಮಾತ್ರ ಕೆಲಸ ನಿಲ್ಲಲಿಲ್ಲ. 1955ರಲ್ಲಿ ಸ್ಟ್ರಾಟ್‌ಫರ್ಡ್‌ನಲ್ಲಿ ಒಂದೇ ಹಂಗಾಮಿನಲ್ಲಿ ಶೇಕ್ಸ್‌ಪಿಯರನ ಮೂರು ನಾಟಕ. ಕೆನೆತ್ ಟೈನನ್ ಎಂಬ ವಿಮರ್ಶಕ ಆಕೆಯನ್ನು ಕುಟುಕುತ್ತಲೇ ಇದ್ದ. 1956ರಲ್ಲಿ ಮತ್ತೊಂದು ಗರ್ಭಪಾತ, ಮತ್ತೆ ಖಿನ್ನತೆ. 1957ರಲ್ಲಿ ಲಂಡನ್ನಿನ ಸೇಂಟ್ ಜೇಮ್ಸ್ ಥಿಯೇಟರನ್ನು ಕೆಡವಲು ಹೊರಟಾಗ ವಿವಿಯನ್ ಬೀದಿಗಿಳಿದರು. ಹೌಸ್ ಆಫ್ ಲಾರ್ಡ್ಸ್‌ನಲ್ಲಿ ಎದ್ದು ನಿಂತು ಪ್ರತಿಭಟಿಸಿದರು, ಅಲ್ಲಿಂದ ಹೊರಗೆ ಕರೆದೊಯ್ದರು. ಥಿಯೇಟರ್ ಉಳಿಯಲಿಲ್ಲ ಬಿಡಿ. ಆದರೆ ಹುಚ್ಚಿ ಅಂತ ಪಿಸುಗುಟ್ಟುತ್ತಿದ್ದ ಊರಿನ ಮುಂದೆ ಹಾಗೆ ನಿಲ್ಲಲು ಎಂಥ ಗುಂಡಿಗೆ ಬೇಕು!

ಶಾಕ್ ಚಿಕಿತ್ಸೆ ಮುಂದುವರಿಯಿತು. ಒಮ್ಮೆಯಂತೂ ಕಣತಲೆಯ ಮೇಲೆ ಸುಟ್ಟ ಗುರುತು ಎದ್ದು ಕಾಣುತ್ತಿತ್ತು. ಮುಖವೇ ಬಂಡವಾಳವಾದ ನಟಿಗೆ! ಅದನ್ನೂ ಮೇಕಪ್ಪಿನಲ್ಲಿ, ಕೂದಲಿನಲ್ಲಿ ಮುಚ್ಚಿಕೊಂಡು ಹೋಗಬೇಕು. 1960ರಲ್ಲಿ 'ಡ್ಯುಯೆಲ್ ಆಫ್ ಏಂಜೆಲ್ಸ್' ನಾಟಕ ಹಿಡಿದು ಅಮೆರಿಕಕ್ಕೆ ಹೋದಾಗ, ಚಿಕಿತ್ಸೆ ಪಡೆದ ಕೆಲವೇ ಗಂಟೆಗಳಲ್ಲಿ ರಂಗ ಏರಿದ ಪ್ರಸಂಗಗಳನ್ನು ಜೀವನಚರಿತ್ರೆಕಾರರು ದಾಖಲಿಸಿದ್ದಾರೆ. ತಲೆ ಸಿಡಿಯುತ್ತಿರುವಾಗ ಎರಡು ಗಂಟೆಯ ಮಾತು ಕಂಠಪಾಠದಿಂದ ಹೇಳಬೇಕು. ಯಕ್ಷಗಾನ, ಬಯಲಾಟ ನೋಡಿ ಬೆಳೆದ ನಮಗೆ ಗೊತ್ತು, ಬಣ್ಣ ಹಚ್ಚಿಕೊಂಡವರಿಗೆ ಮಾತು ಮರೆತರೆ ಎಂಥ ಅವಮಾನ ಎಂದು. ನೆನಪನ್ನೇ ತಿನ್ನುವ ಚಿಕಿತ್ಸೆ, ನೆನಪಿನಿಂದಲೇ ಅನ್ನ ತಿನ್ನುವ ವೃತ್ತಿ.

ಅದೇ ಪ್ರವಾಸದಲ್ಲಿದ್ದಾಗಲೇ ಒಲಿವಿಯರ್ ಬಿಡುಗಡೆ ಕೇಳಿದರು. ಅವರು ನಟಿ ಜೋನ್ ಪ್ಲೊರೈಟ್ ಅವರನ್ನು ಮದುವೆಯಾಗುವವರಿದ್ದರು. 1960ರ ಡಿಸೆಂಬರಿನಲ್ಲಿ ವಿಚ್ಛೇದನ ಆಯಿತು. ವಿವಿಯನ್ ಜೊತೆಗೆ ಉಳಿದವರು ಸಹನಟ ಜ್ಯಾಕ್ ಮೆರಿವೇಲ್. ಇವರಿಗೆ ಕಾಯಿಲೆಯ ವಿಷಯ ಪೂರ್ತಿ ಗೊತ್ತಿತ್ತು. ಮುಚ್ಚಿಡಬೇಕಾದದ್ದು ಏನೂ ಇರಲಿಲ್ಲ. ಕೊನೆಯ ಏಳು ವರ್ಷ ಆಕೆ ತಕ್ಕಮಟ್ಟಿಗೆ ನೆಮ್ಮದಿಯಾಗಿ ಇದ್ದದ್ದಕ್ಕೆ ಇದೇ ದೊಡ್ಡ ಕಾರಣ ಅನಿಸುತ್ತದೆ.

1963ರಲ್ಲಿ ಐವತ್ತರ ಹತ್ತಿರದ ವಯಸ್ಸಿನಲ್ಲಿ ಬ್ರಾಡ್‌ವೇಯಲ್ಲಿ 'ತೋವಾರಿಶ್' ಎಂಬ ಸಂಗೀತ ನಾಟಕ. ಹಾಡುಗಾರ್ತಿ ಅಲ್ಲದವರು ಹಾಡಿದರು, ಕುಣಿದರು, ಟೋನಿ ಪ್ರಶಸ್ತಿ ಗೆದ್ದರು. ಅದೇ ನಾಟಕ ನಡೆಯುತ್ತಿರುವಾಗಲೇ ಮತ್ತೆ ಕುಸಿದರು. ಮತ್ತೆ ಇಂಜೆಕ್ಷನ್, ಮತ್ತೆ ಲಂಡನ್ ವಿಮಾನ. ಮತ್ತೆ ಎದ್ದರು. 1965ರಲ್ಲಿ ತೆರೆಕಂಡ 'ಶಿಪ್ ಆಫ್ ಫೂಲ್ಸ್' ಕೊನೆಯ ಸಿನಿಮಾ. ಪಾತ್ರಕ್ಕೆ ಆರಿಸುವಾಗ ನಿರ್ದೇಶಕ ಸ್ಟ್ಯಾನ್ಲಿ ಕ್ರೇಮರ್ ಅವರಿಗೆ ಆಕೆಯ ಆರೋಗ್ಯ ಇಷ್ಟು ಹದಗೆಟ್ಟಿದೆ ಎಂದು ಗೊತ್ತಿರಲಿಲ್ಲ. ಚಿತ್ರೀಕರಣ ಸುಲಭವಾಗಿರಲಿಲ್ಲ. ಆದರೆ ಆಮೇಲೆ ಕ್ರೇಮರ್ ನೆನೆದದ್ದು ಆಕೆಯ ಧೈರ್ಯವನ್ನು. ಆ ಸಿನಿಮಾದಲ್ಲಿ ಒಂದು ದೃಶ್ಯವಿದೆ. ಹಡಗಿನ ಓಣಿಯಲ್ಲಿ ಒಬ್ಬಳೇ ನಡೆದು ಹೋಗುತ್ತಿರುವ ನಡುವಯಸ್ಸಿನ ಹೆಂಗಸು ಇದ್ದಕ್ಕಿದ್ದಂತೆ ಕುಣಿಯತೊಡಗುತ್ತಾಳೆ, ಕ್ಷಣದಲ್ಲೇ ನಿಲ್ಲಿಸಿ ಏನೂ ಆಗದವಳಂತೆ ಮುಂದೆ ಹೋಗುತ್ತಾಳೆ. ಸಿಕ್ಕರೆ ನೋಡಿ.

ಕೊನೆಗೆ ಆಕೆಯನ್ನು ಕೊಂಡೊಯ್ದದ್ದು ಮನಸ್ಸಿನ ಕಾಯಿಲೆಯೂ ಅಲ್ಲ, ಶಾಕೂ ಅಲ್ಲ. 1967ರ ಮೇ ತಿಂಗಳಲ್ಲಿ ಹೊಸ ನಾಟಕದ ತಾಲೀಮು ನಡೆದಿತ್ತು, ಹಳೆಯ ಕ್ಷಯ ಮರಳಿತು. ಲಂಡನ್ನಿನ ಈಟನ್ ಸ್ಕ್ವೇರ್ ಮನೆಯಲ್ಲಿ ಹಾಸಿಗೆ ಹಿಡಿದರು. ಜುಲೈ 7ರ ಸಂಜೆ ಮೆರಿವೇಲ್ ಎಂದಿನಂತೆ ನಾಟಕಕ್ಕೆ ಹೋದರು. ನಡುರಾತ್ರಿ ಬಂದು ನೋಡಿದಾಗ ಆಕೆ ಮಲಗಿದ್ದರು. ಅರ್ಧ ಗಂಟೆ ಬಿಟ್ಟು ನೋಡಿದರೆ ನೆಲದ ಮೇಲೆ. ಬಚ್ಚಲಿಗೆ ಹೋಗಲು ಎದ್ದಿದ್ದರು, ಶ್ವಾಸಕೋಶದಲ್ಲಿ ನೀರು ತುಂಬಿ ಕುಸಿದಿದ್ದರು. 53 ವರ್ಷ. ಮೆರಿವೇಲ್ ಒಲಿವಿಯರ್‌ಗೆ ತಿಳಿಸಿದರು. ಒಲಿವಿಯರ್ ಆಗ ಕ್ಯಾನ್ಸರ್ ಚಿಕಿತ್ಸೆಗೆ ಆಸ್ಪತ್ರೆಯಲ್ಲಿದ್ದವರು, ಎದ್ದು ನೇರ ಅಲ್ಲಿಗೆ ಬಂದರು.

ಆಕೆಯ ಗೌರವಕ್ಕೆ ಲಂಡನ್ನಿನ ವೆಸ್ಟ್ ಎಂಡ್ ನಾಟಕಶಾಲೆಗಳು ಒಂದು ಗಂಟೆ ಹೊರಗಿನ ದೀಪ ಆರಿಸಿದವು. ಸಸೆಕ್ಸ್‌ನ ಹಳ್ಳಿಯಲ್ಲಿ ಟಿಕರೇಜ್ ಮಿಲ್ ಎಂಬ ಮನೆ ಆಕೆಯದು. ಅದರ ಎದುರಿನ ಕೆರೆಯಲ್ಲಿ ಚಿತಾಭಸ್ಮ ಬಿಟ್ಟರು.